ಮಗಳ ಮಾತು ಕಲಿಯಲು ಬಂದವಳು

ತುಂಗಭದ್ರೆಯ ದಂಡೆಯ ಆಶ್ರಮಕ್ಕೆ ಒಬ್ಬ ತಾಯಿ ಬಂದಳು. ಸ್ವಂತ ಮಗಳ ಜೊತೆ ಮಾತಾಡಲು ಅವಳು ಕನ್ನಡ ಕಲಿಯಬೇಕಿತ್ತು.

ಅವಳ ಹೆಸರು ಪಾನಮುನಿ. ಜಾರ್ಖಂಡದ ಕಡೆಯವಳು, ಮನೆಮಾತು ಸಂತಾಲಿ. ಗಂಡ ತೀರಿಕೊಂಡ ಮೇಲೆ ಮೂರು ವರ್ಷದ ಮಗಳನ್ನು ಎತ್ತಿಕೊಂಡು, ಕೂಲಿಗೆಂದು ದಕ್ಷಿಣದ ರೈಲು ಹತ್ತಿದ್ದಳು. ದಾರಿಯಲ್ಲಿ ಜ್ವರ ಏರಿ ಎಚ್ಚರ ತಪ್ಪಿತು. ಯಾರೋ ಅವಳನ್ನು ನಡುವಿನ ಸ್ಟೇಷನ್ನಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಗಲಾಟೆಯಲ್ಲಿ ಮಗು ರೈಲಿನಲ್ಲೇ ಉಳಿಯಿತು.

ಹುಡುಕಿ ಹುಡುಕಿ ಎರಡು ವರ್ಷದ ಮೇಲೆ ಮಗಳು ಸಿಕ್ಕಳು. ಹೊಳೆಯ ಆಚೆಯ ಊರಿನ ಬಾಲಮಂದಿರದಲ್ಲಿ ಬೆಳೆಯುತ್ತಿದ್ದಳು. ಹೆಸರು ಕೇಳಿದಾಗ ಮಗು ಮೈನೋ ಎಂದದ್ದು ಅಲ್ಲಿಯವರಿಗೆ ಮೈನಾ ಎಂದು ಕೇಳಿಸಿತ್ತು. ಆ ಹೆಸರೊಂದು ಉಳಿದಿತ್ತು. ಮಾತು ಉಳಿದಿರಲಿಲ್ಲ. ಈಗ ಅವಳಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಮಕ್ಕಳ ವಿಷಯ ನೋಡುವ ಸಮಿತಿಯ ಮೇಡಂ ಪಾನಮುನಿಯನ್ನು ಆಶ್ರಮಕ್ಕೆ ಕರೆತಂದು ಬಿಟ್ಟರು.

"ಇವಳೇ ತಾಯಿ ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ಮಗು ಇವಳನ್ನ ಮರೆತಿದೆ. ಹೆದರೋ ಮಗುವನ್ನ ಎಳೆದು ಕಳಿಸೋಕಾಗಲ್ಲ. ಒಂದೆರಡು ಭೇಟಿ ಆಗಲಿ, ಮಾತಾಡಲಿ. ನೋಡೋಣ" ಎಂದರು.

ಪಾನಮುನಿ ಕಲಿತ ಮೊದಲ ಕನ್ನಡ ಪದ ಆ 'ನೋಡೋಣ'. ಅರ್ಥ ಗೊತ್ತಿರಲಿಲ್ಲ. ಅದನ್ನು ಕೇಳಿದಾಗಲೆಲ್ಲ ಹೇಳಿದವರ ಮುಖ ನೋಡುತ್ತಿದ್ದಳು.

ಆಶ್ರಮದ ಗುರು ಮರುಳಯ್ಯನವರು. ಹೊರಗಿನಿಂದ ಬಂದವರಿಗೆ ಮಾತು ಕಲಿಸುವುದು ಅವರ ಹಳೆಯ ಕಾಯಕ. ಊರವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯೆ ಶಿವಲೀಲಾ ಸಹ ಹಾಗೇ ಕರೆಯುತ್ತಿದ್ದಳು. ಅವಳು ಪಟ್ಟಣದಲ್ಲಿ ತರಬೇತಿ ಮುಗಿಸಿ, ಕಲಿಸುವುದನ್ನು ಕಲಿಯಲು ಅಲ್ಲಿಗೆ ಬಂದಿದ್ದಳು.

"ಅಜ್ಜಾರೇ, ಇವರಿಗೆ ನಾನು ಕಲಿಸ್ಲಾ?"

"ಹೇಗೆ ಕಲಿಸ್ತೀ?"

"ಎನ್‌ಎಲ್‌ಪಿ ಅಂತಾರೆ. ಮಾತು, ಮೈ, ಮನಸ್ಸು ಮೂರನ್ನೂ ಒಂದಕ್ಕೊಂದು ಹೊಂದಿಸೋ ವಿಧಾನ. ಹೆದರಿಕೆ ಹೋಗುತ್ತೆ, ಭಾಷೆ ಬೇಗ ಹತ್ತುತ್ತೆ."

"ಕಲಿಸು."

"ನೀವು?"

"ನಾನು ತರಕಾರಿ ಹೆಚ್ಚುತೀನಿ."

ಶಿವಲೀಲಾ ಮನಸಾರೆ ಕಲಿಸಿದಳು. ಪಾನಮುನಿ ಕೂತಂತೆ ಕೂರುವಳು, ಅವಳು ಉಸಿರು ಬಿಟ್ಟಾಗ ತಾನೂ ಬಿಡುವಳು. ಸ್ವಲ್ಪ ಹೊತ್ತಿಗೆ ಎದುರಿನವಳ ಹೆಗಲು ಸಡಿಲಾಗುತ್ತಿತ್ತು. ಆಮೇಲೆ ಶಿವಲೀಲಾ ಬೆನ್ನು ನೆಟ್ಟಗೆ ಮಾಡಿದರೆ ಅವಳೂ ಮಾಡುತ್ತಿದ್ದಳು. ಶಿವಲೀಲಾ ನಕ್ಕರೆ ನಗುತ್ತಿದ್ದಳು.

ಪದ ಹೇಳಿದರೆ ಜೊತೆಗೆ ವಸ್ತು ಮುಟ್ಟಿಸುತ್ತಿದ್ದಳು. ನೀರು ಎಂದರೆ ಕೈ ಅದ್ದಬೇಕು, ಬಿಸಿ ಎಂದರೆ ಒಲೆಯ ಹತ್ತಿರ ಹೋಗಬೇಕು. ಪದಗಳು ನಿಜಕ್ಕೂ ಬೇಗ ಹತ್ತಿದವು.

ಒಂದು ದಿನ ಅಜ್ಜಾರು ಬಾಗಿಲಲ್ಲಿ ನಿಂತು ನೋಡಿದರು. ಇಬ್ಬರೂ ಎದುರುಬದುರು, ಒಂದೇ ಭಂಗಿ, ಒಂದೇ ಉಸಿರು.

"ಚೆನ್ನಾಗಿದೆ. ಇಬ್ಬರಲ್ಲಿ ಪಾನಮುನಿ ಯಾರು?" ಎಂದರು.

ಹೊಗಳಿದರು ಎಂದುಕೊಂಡಳು ಶಿವಲೀಲಾ.

ಭೇಟಿಯ ದಿನ ಹತ್ತಿರ ಬಂತು. ಪಾನಮುನಿ ಊಟ ಬಿಟ್ಟಳು. ತಟ್ಟೆಯ ಮುಂದೆ ಕೂತು, ಅನ್ನ ಕಲಸಿ, ಹಾಗೇ ಎದ್ದುಬಿಡುತ್ತಿದ್ದಳು. ಅವಳನ್ನು ನೋಡಿ ಶಿವಲೀಲಾಗೂ ಊಟ ಇಳಿಯದಾಯಿತು. ಅವಳು ಕೈಹಿಡಿದು ಕಲಿಸಿದ ಮೊದಲ ಶಿಷ್ಯೆ ಇವಳು. ಮಗು ಬರದಿದ್ದರೆ ಎಂಬ ಯೋಚನೆ ಬಂದೊಡನೆ ಬೇರೆ ಯಾವುದಾದರೂ ಕೆಲಸ ಹುಡುಕಿಕೊಂಡು ಮಾಡುತ್ತಿದ್ದಳು.

ಕೊನೆಗೆ ಅವಳನ್ನು ಎದುರು ಕೂರಿಸಿಕೊಂಡು ಹೇಳಿದಳು.

"ಕಣ್ಣು ಮುಚ್ಚು. ನಿನ್ನ ಜೀವಕ್ಕೆ ತುಂಬ ನೆಮ್ಮದಿ ಆಗಿದ್ದ ಒಂದು ಗಳಿಗೆ ನೆನೆ. ನನಗೆ ಹೇಳೋದು ಬೇಡ. ನೆನೆದರೆ ಸಾಕು."

ಒಂದಿಷ್ಟು ಕನ್ನಡ, ಒಂದಿಷ್ಟು ಸಂತೆಯ ಹಿಂದಿ, ಉಳಿದದ್ದು ಕೈಸನ್ನೆ. ಪಾನಮುನಿಗೆ ಅರ್ಥವಾಯಿತು. ಅವಳ ಮುಖ ನಿಧಾನಕ್ಕೆ ತಿಳಿಯಾಯಿತು. ಆ ಕ್ಷಣಕ್ಕೇ ಶಿವಲೀಲಾ ಅವಳ ಎಡಗೈ ನಡುಬೆರಳಿನ ಗೆಣ್ಣನ್ನು ಒತ್ತಿದಳು. ಮತ್ತೆ ನೆನೆಸಿದಳು, ಮತ್ತೆ ಒತ್ತಿದಳು.

"ಹೆದರಿಕೆ ಆದಾಗ ಇಲ್ಲಿ ಒತ್ತಿಕೊ. ಆ ಗಳಿಗೆ ತಾನಾಗೇ ಬರುತ್ತೆ."

ಆಮೇಲೆ ಇನ್ನೊಂದು ಚಿತ್ರ. "ಈಗ ಮಗಳು ನಿನ್ನ ಕಡೆ ಓಡಿ ಬರ್ತಿದಾಳೆ. ನೋಡು. ದೊಡ್ಡದಾಗಿ ನೋಡು. ಬಣ್ಣ ತುಂಬು. ಇನ್ನೂ ಹತ್ತಿರ."

ಪಾನಮುನಿಯ ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ವಿಧಾನ ಫಲಿಸಿತು ಎಂದು ಶಿವಲೀಲಾಗೆ ಸ್ವಲ್ಪ ಧೈರ್ಯ ಬಂತು.

ಭೇಟಿಗೆ ಇಬ್ಬರೂ ಹೋದರು. ಬಾಲಮಂದಿರದ ಕೋಣೆಯಲ್ಲಿ ಸಮಿತಿಯ ಮೇಡಂ ಇದ್ದರು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಮೈನಾಳ ಕೈಹಿಡಿದು ಕರೆತಂದಳು. ಎರಡು ಜಡೆ, ಇಸ್ತ್ರಿ ಮಾಡಿದ ಲಂಗ.

ಪಾನಮುನಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕಲಿತಂತೆ ನಕ್ಕಳು.

"ಮೈನಾ, ಹೇಗಿದ್ದೀಯಾ? ನಾನು ನಿನ್ನ ಅಮ್ಮ. ನಿನ್ನನ್ನು ನೋಡಿ ನನಗೆ ತುಂಬ ಸಂತೋಷ ಆಯಿತು."

ಒಂದು ಅಕ್ಷರ ಜಾರಲಿಲ್ಲ. ಏರಿಳಿತ ಕೂಡ ಶಿವಲೀಲಾಳದೇ.

ಮಗು ಕೈಜೋಡಿಸಿತು. "ನಮಸ್ತೆ ಮೇಡಂ" ಎಂದಿತು. ಎಷ್ಟೋ ಜನ ಬಂದು ಹೋಗುವ ಜಾಗ ಅದು. ಬಂದವರಿಗೆಲ್ಲ ಹೇಳುವ ಮಾತು.

ಓಡಿ ಬರಲಿಲ್ಲ. ನಿಂತಲ್ಲೇ ನಿಂತಿತು.

ಪಾನಮುನಿ ಬೆರಳಿನ ಗೆಣ್ಣು ಒತ್ತಿಕೊಂಡಳು. ಅವಳ ಮುಖದ ರಕ್ತ ಬಸಿದುಹೋದದ್ದನ್ನು ಶಿವಲೀಲಾ ನೋಡಿದಳು. ಪಾನಮುನಿ ಮತ್ತೆ ಒತ್ತಿದಳು, ಗಟ್ಟಿಯಾಗಿ ಒತ್ತಿದಳು. ತಡೆಯಲಾಗದೆ ಮುಂದೆ ಬಂದು ಮಗುವಿನ ಎರಡೂ ರಟ್ಟೆ ಹಿಡಿದು ತನ್ನ ಮಾತಿನಲ್ಲಿ ಏನೋ ಕೂಗಿದಳು.

ಮಗು ಚೀರಿತು. ಕೊಸರಿಕೊಂಡು ಹೋಗಿ ಆಯಾಳ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು.

"ಇವತ್ತಿಗೆ ಸಾಕು" ಎಂದರು ಮೇಡಂ. ಹೊರಗೆ ಬಂದು ಶಿವಲೀಲಾಗೆ ಮೆಲ್ಲನೆ ಹೇಳಿದರು. "ಮುಂದಿನ ತಿಂಗಳು ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಆದರೆ ನಾನು ಮಗುವಿನ ಕಡೆಯಿಂದ ಯೋಚನೆ ಮಾಡಬೇಕಾಗುತ್ತೆ."

ಆಶ್ರಮ ಸೇರಿದ್ದೇ ಪಾನಮುನಿ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಶಿವಲೀಲಾಗೆ ಆ ಮೆಟ್ಟಿಲಿಂದ ಕಣ್ಣು ಕೀಳಲು ಭಯವಾಯಿತು. ದೂರದಲ್ಲೇ ಒಂದು ಕಲ್ಲಿನ ಮೇಲೆ ಕಾದಳು. ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಏನಾಯ್ತು?"

ಶಿವಲೀಲಾ ಎಲ್ಲ ಹೇಳಿದಳು. "ಎಲ್ಲಿ ತಪ್ಪಿತು ಗೊತ್ತಾಗ್ತಿಲ್ಲ, ಅಜ್ಜಾರೇ. ಒಂದು ಹೆಜ್ಜೆ ಕೂಡ ಬಿಡಲಿಲ್ಲ ನಾನು."

"ಅವಳು ಯಾವ ಗಳಿಗೆ ನೆನೆದಿದ್ದಳು?"

"ಕೇಳಲಿಲ್ಲ. ಕೇಳಬೇಕಾಗಿಲ್ಲ ಅಂತ ನಮಗೆ ಹೇಳಿಕೊಟ್ಟಿದ್ದರು."

"ಕೇಳು."

"ಅದನ್ನ ಹೇಳೋಷ್ಟು ಕನ್ನಡ ಅವರಿಗೆ ಬರಲ್ಲ."

"ಹಾಗಾದ್ರೆ ಕೇಳೋಷ್ಟು ಸಂತಾಲಿ ನಿನಗೆ ಬರಲಿ."

"ಒಂದು ತಿಂಗಳಲ್ಲಾ?"

"ಅವಳಿಗೆ ಎಷ್ಟು ದಿನ ಕೊಟ್ಟಿದ್ದೆ?"



ಮರುದಿನ ಬೆಳಿಗ್ಗೆ ಪಾನಮುನಿ ಪಾಠಕ್ಕೆ ಬರಲಿಲ್ಲ. ಶಿವಲೀಲಾನೇ ಅವಳು ಕೂತಲ್ಲಿಗೆ ಹೋದಳು. ನೀರಿನ ಕಡೆ ಕೈತೋರಿಸಿ, "ನಿಮ್ಮ ಮಾತಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿದಳು.

ಪಾನಮುನಿ ತಲೆ ಎತ್ತಲಿಲ್ಲ. ಶಿವಲೀಲಾ ಮತ್ತೆ ಕೇಳಿದಳು.

"ದಾಕ್" ಎಂದಳು ಕೊನೆಗೆ.

"ದಾಕಾ" ಎಂದಳು ಶಿವಲೀಲಾ.

"ಅಲ್ಲ. ದಾಕಾ ಅನ್ನ. ದಾಕ್ ನೀರು."

ಕೊನೆಯ ಸದ್ದನ್ನು ಗಂಟಲಲ್ಲೇ ಹಿಡಿದು ನಿಲ್ಲಿಸಬೇಕು, ಹೊರಗೆ ಬಿಡಬಾರದು. ಶಿವಲೀಲಾಗೆ ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಖಾಲಿ ಲೋಟ ಎತ್ತಿ ಹಿಡಿದು ಮತ್ತೆ "ದಾಕಾ" ಎಂದಳು. ಪಾನಮುನಿ ಒಂದು ಸೌಟು ಅನ್ನ ತಂದು ಲೋಟಕ್ಕೇ ಹಾಕಿದಳು. ಆಮೇಲೆ ನಕ್ಕಳು.

ಆಶ್ರಮಕ್ಕೆ ಬಂದ ಮೇಲೆ ಅವಳು ತಾನಾಗಿ ನಕ್ಕದ್ದು ಅದೇ ಮೊದಲು. ದೊಡ್ಡ ನಗು, ಸ್ವಲ್ಪ ಒರಟು. ಇಷ್ಟು ದಿನ ತನ್ನಂತೆ ಮೆತ್ತಗೆ ನಗುತ್ತಿದ್ದವಳು ಇವಳೇನಾ ಎಂದು ಶಿವಲೀಲಾ ನೋಡುತ್ತ ಕೂತಳು.

ದಿನಗಳು ಹೋಗುತ್ತಿದ್ದವು. ಪಾನಮುನಿ ಬಟ್ಟೆ ಒಗೆಯುತ್ತ, ಕಸ ಗುಡಿಸುತ್ತ ಹೇಳಿಕೊಡುತ್ತಿದ್ದಳು. ಶಿವಲೀಲಾ ತಪ್ಪುತ್ತಿದ್ದಳು. ಬೈಸಿಕೊಳ್ಳುತ್ತಿದ್ದಳು. ನಡುನಡುವೆ ಕನ್ನಡವೂ ಬರುತ್ತಿತ್ತು. ಅದು ಪಾಠದ ಕನ್ನಡವಲ್ಲ, ಬೈಯಲು ಬೇಕಾದ ಕನ್ನಡ. ಮುಂದಿನ ಭೇಟಿಗೆ ಏನೂ ತಯಾರಿ ಆಗುತ್ತಿಲ್ಲವಲ್ಲ ಎಂದು ಶಿವಲೀಲಾ ದಿನ ಎಣಿಸುತ್ತಿದ್ದಳು. ಕೇಳಿದರೆ ಅಜ್ಜಾರು "ಗಳಿಗೆ ಯಾವುದು ಅಂತ ಗೊತ್ತಾಯ್ತಾ?" ಎನ್ನುತ್ತಿದ್ದರು. ಅಷ್ಟೇ.

ಒಂದು ಸಂಜೆ ಶಿವಲೀಲಾ ಧೈರ್ಯ ಮಾಡಿ ಅವಳ ಎಡಗೈ ಹಿಡಿದು, ಗೆಣ್ಣು ತೋರಿಸಿ, ಎರಡೂ ಭಾಷೆ ಕಲಸಿ ಕೇಳಿದಳು. "ಇಲ್ಲಿ ಏನಿದೆ?"

ಪಾನಮುನಿ ತನ್ನ ಬೆರಳನ್ನು ನೋಡಿಕೊಂಡಳು.

"ರೈಲು" ಎಂದಳು. "ಕಿಟಕಿ ಪಕ್ಕ. ಮೈನೋ ನನ್ನ ತೊಡೆ ಮೇಲೆ. ನಿದ್ದೆ. ಬಾಯಿ ಹೀಗೆ ತೆರೆದು." ತನ್ನ ಬಾಯಿ ತೆರೆದು ತೋರಿಸಿದಳು. "ಆಮೇಲೆ ಜ್ವರ. ಆಮೇಲೆ ತೊಡೆ ಖಾಲಿ."

ಶಿವಲೀಲಾ ಅವಳ ಕೈ ಬಿಟ್ಟಳು.

"ಒತ್ತಿದಾಗಲೆಲ್ಲ ಮೊದಲು ನಿದ್ದೆ ಬರುತ್ತೆ. ಆಮೇಲೆ ಖಾಲಿ ಬರುತ್ತೆ" ಎಂದಳು ಪಾನಮುನಿ.

ಶಿವಲೀಲಾ ಅಲ್ಲಿಂದ ನೇರ ಅಜ್ಜಾರ ಹತ್ತಿರ ಹೋದಳು.

"ಅಜ್ಜಾರೇ, ಕಳೆದುಕೊಂಡ ಗಳಿಗೆಯನ್ನೇ ಅವರ ಬೆರಳಿಗೆ ಕಟ್ಟಿಬಿಟ್ಟಿದೀನಿ. ಸರಿ ಮಾಡಬಹುದು. ಅದಕ್ಕೂ ದಾರಿ ಇದೆ. ಆ ಚಿತ್ರವನ್ನ ಚಿಕ್ಕದು ಮಾಡಿಸ್ತೀನಿ. ಬಣ್ಣ ತೆಗೆಸ್ತೀನಿ. ದೂರ ಕಳಿಸ್ತೀನಿ. ನೆನಪು ನೋಯಿಸಲ್ಲ ಆಮೇಲೆ."

"ಮಾಡಬಹುದಾ?"

"ಮಾಡಬಹುದು."

"ಆ ಚಿತ್ರದಲ್ಲಿ ಮಗು ಎಲ್ಲಿದೆ?"

"ತೊಡೆ ಮೇಲೆ."

"ಚಿತ್ರ ದೂರ ಕಳಿಸಿದರೆ ಮಗುವನ್ನ ಎಲ್ಲಿ ಇಡ್ತೀ?"



"ಮತ್ತೆ ನಾನೇನು ಮಾಡಲಿ?"

"ಹೋಗಿ ಅವಳ ಪಕ್ಕ ಕೂತುಕೊ."

"ಕೂತು?"

"ಕೂತುಕೊ ಅಂದೆ."

ಅವಳು ಹೋಗಿ ಕೂತಳು. ಪಾನಮುನಿ ಅಳುತ್ತಿದ್ದಳು. ಶಿವಲೀಲಾ ಅವಳ ಉಸಿರಿಗೆ ಉಸಿರು ಹೊಂದಿಸಲಿಲ್ಲ. ಹೊಂದಿಸಲು ಅವಳಿಂದ ಆಗುವಂತೆಯೂ ಇರಲಿಲ್ಲ. ಅವಳಿಗೂ ಅಳು ಬಂದಿತ್ತು.

ಎರಡನೆಯ ಭೇಟಿಯ ದಿನ ಬಂತು.

ಬಸ್ಸಿನಲ್ಲಿ ಪಾನಮುನಿ ಕೇಳಿದಳು. "ಅಕ್ಕಾ, ಏನು ಮಾತಾಡಲಿ?"

"ನಂಗೆ ಗೊತ್ತಿಲ್ಲ."

"ಕೈ?"

"ಕೈ ಸುಮ್ನೆ ಇರಲಿ."

ಪಾನಮುನಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅದೇ ಕೋಣೆ. ಮೇಡಂ ಕುರ್ಚಿಯಲ್ಲಿ, ಆಯಾ ಬಾಗಿಲಲ್ಲಿ, ಅವಳ ಸೀರೆ ಹಿಡಿದು ಮೈನಾ. ಮಗು ಈ ಸಲ ನಮಸ್ತೆ ಕೂಡ ಹೇಳಲಿಲ್ಲ.

ಪಾನಮುನಿ ಕುರ್ಚಿ ಬಿಟ್ಟು ದೂರದಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಸುಮ್ಮನೆ ಕೂತಳು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಮೇಡಂ ಗಡಿಯಾರ ನೋಡಿದರು. ಶಿವಲೀಲಾಗೆ ಎದ್ದು ಹೋಗಿ ಅವಳ ಕಿವಿಯಲ್ಲಿ ಒಂದು ವಾಕ್ಯ ಹೇಳಿಕೊಡಬೇಕೆನಿಸಿತು. ತುಟಿ ಕಚ್ಚಿಕೊಂಡು ಕೂತಳು.

ತುಂಬ ಹೊತ್ತಿನ ಮೇಲೆ ಪಾನಮುನಿ ಬಾಯಿ ತೆರೆದಳು. ಯಾರ ಕಡೆಯೂ ನೋಡಲಿಲ್ಲ.

"ಮನೇಲಿ ಅಜ್ಜಿ ಇದೆ. ಮೈನೋ ಅಜ್ಜಿ. ಅಜ್ಜಿ ಕಾಯ್ತಾ ಇದೆ. ನಮ್ಮ ಹಲ್ಲಿ ಒಳಗೆ."

ಆಯಾಳ ಹಿಂದಿನಿಂದ ಮಗು ಇಣುಕಿತು.

"ನಮ್ಮ ಹಲ್ಲಿ ದೊಡ್ಡದು. ಹಲ್ಲಿ ಒಳಗೆ ಮರ ಇದೆ. ಮೇಕೆ ಇದೆ. ಅಜ್ಜಿ ಇದೆ."

ಮಗು ಫಕ್ಕನೆ ನಕ್ಕಿತು.

"ಹಲ್ಲಿ ಒಳಗೆ ಅಜ್ಜಿ ಹೆಂಗಿರ್ತಾರೆ?"

ಪಾನಮುನಿ ತಿರುಗಿ ನೋಡಿದಳು. "ಇದೆ. ಹಲ್ಲಿ ಒಳಗೆ ಅಜ್ಜಿ ಮನೆ ಇದೆ."

"ಹಲ್ಲಿ ಅಂದ್ರೆ ಗೋಡೆ ಮೇಲೆ ಇರುತ್ತಲ್ಲ, ಅದು. ಲೊಚಲೊಚ ಅನ್ನುತ್ತಲ್ಲ. ನೀನು ಹೇಳೋದು ಹಳ್ಳಿ."

"ಹಲ್ಲಿ."

"ಅಲ್ಲ. ಹಳ್ಳಿ."

"ಹಲ್ಲಿ."

ಮಗು ಆಯಾಳ ಸೀರೆ ಬಿಟ್ಟಿತು. ಎರಡು ಹೆಜ್ಜೆ ಬಂದು ನಿಂತಿತು. "ನಾಲಿಗೆ ಮೇಲೆ ಮಡಚಬೇಕು. ಇಲ್ಲಿ ನೋಡು." ಬಾಯಿ ಅಗಲ ತೆರೆದು ತೋರಿಸಿತು.

ಪಾನಮುನಿ ಆ ತೆರೆದ ಬಾಯಿಯನ್ನೇ ನೋಡಿದಳು. ಕಣ್ಣು ತುಂಬಿತು. ಕೈ ಚಾಚಲಿಲ್ಲ.

"ಹಲ್ಲಿ" ಎಂದಳು ಮತ್ತೆ. ಅವಳು ಬೇಕೆಂದು ತಪ್ಪುತ್ತಿರಲಿಲ್ಲ. ನಾಲಿಗೆ ಅವಳ ಮಾತು ಕೇಳುತ್ತಿರಲಿಲ್ಲ.

ಮಗುವಿಗೆ ತಾಳ್ಮೆ ಹೋಯಿತು. ಹತ್ತಿರ ಬಂದು, ಎದುರು ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಅವಳ ಗಲ್ಲ ಹಿಡಿದು ಮೇಲಕ್ಕೆ ಎತ್ತಿತು.

"ಬಾಯಿ ತೆಗಿ" ಎಂದಿತು.

ಪಾನಮುನಿ ಬಾಯಿ ತೆರೆದಳು. ಮಗು ಒಳಗೆ ಇಣುಕಿ ನಾಲಿಗೆ ಎಲ್ಲಿದೆ ಎಂದು ಪರೀಕ್ಷೆ ಮಾಡಿತು. ಮೇಡಂ ಮತ್ತೆ ಗಡಿಯಾರ ನೋಡಲಿಲ್ಲ.

"ನಿಂಗೆ ಯಾಕೆ ಬರಲ್ಲ?"

"ನಂದು ಬೇರೆ ಮಾತು."

"ಯಾವ ಮಾತು? ಹೇಳು."

ಪಾನಮುನಿ ಮೂಲೆಯ ಹೂಜಿ ತೋರಿಸಿದಳು. "ದಾಕ್."

ಮಗು ಆ ಹೂಜಿಯನ್ನು ನೋಡಿತು. ಹುಬ್ಬು ಗಂಟಾಯಿತು. ಎಲ್ಲೋ ಇಟ್ಟು ಮರೆತದ್ದನ್ನು ಹುಡುಕುವಂತೆ ತುಟಿ ಆಡಿಸಿ ನೋಡಿತು.

"ದಾಕ್" ಎಂದಿತು.

ಸದ್ದು ಗಂಟಲಲ್ಲೇ ನಿಂತಿತ್ತು. ಒಂದು ತಿಂಗಳಿಂದ ಶಿವಲೀಲಾಗೆ ಬಾರದ ಸದ್ದು. ಅವಳು ಎದ್ದು ಹೊರಗೆ ಹೋಗಿ ಕಂಬ ಹಿಡಿದು ನಿಂತಳು.

ಅವತ್ತು ಮಗು ತಾಯಿಯ ಜೊತೆ ಹೊರಡಲಿಲ್ಲ. ಆಯಾಳ ಕೈಹಿಡಿದೇ ಒಳಗೆ ಹೋಯಿತು. ಆದರೆ ಬಾಗಿಲಲ್ಲಿ ತಿರುಗಿ, "ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬಾ" ಎಂದಿತು.

ಆಮೇಲೆ ವಾರ ವಾರ ಭೇಟಿಗಳಾದವು. ಮಳೆಗಾಲ ಪೂರ್ತಿ ಪಾನಮುನಿ ಬಸ್ಸಿಗೆ ಓಡಾಡಿದಳು. ಒಂದು ವಾರ ಮಗು ತೊಡೆ ಏರಿ ಕೂತರೆ ಇನ್ನೊಂದು ವಾರ ಮುಖ ತಿರುಗಿಸುತ್ತಿತ್ತು. ಆ ದಿನ ಪಾನಮುನಿ ಮತ್ತೆ ಊಟ ಬಿಡುತ್ತಿದ್ದಳು. ಕಡೆಗೆ ಸಮಿತಿ ಒಪ್ಪಿತು.

ಶಿವಲೀಲಾ ಅವರನ್ನು ರೈಲು ಹತ್ತಿಸಲು ಹೋದಳು. ರೈಲು ಕಂಡೊಡನೆ ಪಾನಮುನಿಯ ಮುಖ ಬಿಳಿಚಿತು. ಸೆರಗಿನ ತುದಿಯನ್ನು ಮಗಳ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು. ಮತ್ತೊಂದು ಗಂಟು ಹಾಕಿದಳು. ಮಗು ಬೇಡ ಎನ್ನಲಿಲ್ಲ. ಗಂಟು ಗಟ್ಟಿಯಾಗಿದೆಯೋ ಎಂದು ತಾನೂ ಎಳೆದು ನೋಡಿತು.

ಶಿವಲೀಲಾ ಆಶ್ರಮಕ್ಕೆ ಮರಳಿದಾಗ ಅಜ್ಜಾರು ಹೊಳೆಯಲ್ಲಿ ಪಂಚೆ ಹಿಂಡುತ್ತಿದ್ದರು. ಅವಳು ಇನ್ನೊಂದು ತುದಿ ಹಿಡಿದಳು.

"ಹೋದರಾ?"

"ಹೋದರು, ಅಜ್ಜಾರೇ." ಪಂಚೆ ತಿರುವುತ್ತ ಹೇಳಿದಳು. "ಅವತ್ತು ಒಂದು ತಪ್ಪು ಮಾತಿಗೆ ಮಗು ಹತ್ತಿರ ಬಂತು. ನಾನು ಅಷ್ಟು ದಿನ ತಿದ್ದಿ ತೀಡಿ ಕಲಿಸಿದ್ದೆಲ್ಲ ದಂಡ ಆಯ್ತಲ್ಲ."

ಅಜ್ಜಾರು ಪಂಚೆಯನ್ನು ಕೊಡವಿ ಕಲ್ಲಿನ ಮೇಲೆ ಹರವಿದರು.

"ತಪ್ಪು ಮಾತಾಡೋಕೂ ಅಷ್ಟು ಮಾತು ಬರಬೇಕಲ್ಲ, ಶಿವಲೀಲಾ."